ಹರಳು, ಬೆಂಕಿ ಮತ್ತು ಮಾರುವವನ ಮೌನ

ಶಹಾಪುರದಿಂದ ದೇವದುರ್ಗಕ್ಕೆ ಹೋಗುವ ದಾರಿಯಲ್ಲಿ, ಕೃಷ್ಣಾ ನದಿಯ ದಂಡೆಗೆ ಕೊಳ್ಳೂರು ಎಂಬ ಊರಿದೆ. ಹೊಳೆ ತುಂಬಿ ಅಲ್ಲಿಯ ಸೇತುವೆ ಮುಳುಗಿದಾಗ ಆ ಊರಿನ ಹೆಸರು ಪತ್ರಿಕೆಗಳಲ್ಲಿ ಕಾಣಿಸುತ್ತದೆ. ಕೊಹಿನೂರ್ ವಜ್ರ ಸಿಕ್ಕಿದ್ದು ಇದೇ ಕೊಳ್ಳೂರಿನಲ್ಲಿ ಎಂದು ಅಭಿಮಾನದಿಂದ ಹೇಳುವವರು ನಮ್ಮ ಭಾಗದಲ್ಲಿದ್ದಾರೆ. ಇತಿಹಾಸಕಾರರಲ್ಲಿ ಬಹುತೇಕರು ಬೆರಳು ತೋರಿಸುವುದು ಇದೇ ನದಿಯ ಕೆಳಗಿನ ಹರಿವಿನಲ್ಲಿರುವ, ಗುಂಟೂರು ಸೀಮೆಯ ಕೊಲ್ಲೂರಿನ ಕಡೆಗೆ. ಆ ವಾದ ಬಗೆಹರಿಯುವಂಥದ್ದಲ್ಲ, ಇಲ್ಲಿ ಅದು ಬೇಕಾಗಿಯೂ ಇಲ್ಲ. ನನಗೆ ಕುತೂಹಲ ಹುಟ್ಟಿಸುವುದು ಬೇರೊಂದು ಸಂಗತಿ. 1852ರಲ್ಲಿ ಲಂಡನ್ನಿನಲ್ಲಿ ಆ ವಜ್ರವನ್ನು ಹೊಸದಾಗಿ ಸಾಣೆ ಹಿಡಿದರು. ಸುಮಾರು 186 ಕ್ಯಾರೆಟ್ ಇದ್ದ ಕಲ್ಲು 105 ಕ್ಯಾರೆಟ್ ಚಿಲ್ಲರೆಗೆ ಇಳಿಯಿತು. ಅದರ ಆಕಾರ, ತೂಕ, ಹೊಳಪು ಎಲ್ಲವೂ ಬದಲಾದವು. ಆದರೂ ಅದು ಕೊಹಿನೂರ್ ಅಲ್ಲ, ನಮಗೆ ಮೋಸವಾಗಿದೆ ಎಂದು ಯಾರೂ ಕೂಗಲಿಲ್ಲ. ಕಾರಣ ಸರಳವಾಗಿದೆ. ಕಲ್ಲಿಗೆ ಏನು ಮಾಡಲಾಯಿತು ಎಂಬುದು ಎಲ್ಲರಿಗೂ ಗೊತ್ತಿತ್ತು.

ಹಾಗಾದರೆ ಹರಳಿನ ಮೇಲೆ ಮನುಷ್ಯ ಕೈಯಾಡಿಸುವುದು ತಾನಾಗಿಯೇ ಮೋಸವಲ್ಲ. ಮೋಸ ಎಲ್ಲಿ ಶುರುವಾಗುತ್ತದೆ? ಯಾದಗಿರಿ, ಶಹಾಪುರ, ಸುರಪುರದ ಒಂದು ಸಾಧಾರಣ ಕುಟುಂಬ ಮಗಳ ಮದುವೆಗೆಂದು ಕೆಂಪು ಹರಳಿನ ಉಂಗುರವನ್ನೋ ಪಚ್ಚೆಯ ಝುಮಕಿಯನ್ನೋ ಕೊಳ್ಳುವಾಗ, ಅಂಗಡಿಯವನು ಏನನ್ನು ಹೇಳಲೇಬೇಕು? ಏನನ್ನು ಹೇಳದಿದ್ದರೂ ನಡೆಯುತ್ತದೆ? ಇದು ರತ್ನಶಾಸ್ತ್ರದ ಪ್ರಶ್ನೆಯಂತೆ ಕಂಡರೂ ಮೂಲದಲ್ಲಿ ನೀತಿಯ ಪ್ರಶ್ನೆ.

ನಮ್ಮ ಜಿಲ್ಲೆಯ ಮಟ್ಟಿಗೆ ಇದು ಸಣ್ಣ ಪ್ರಶ್ನೆಯೂ ಅಲ್ಲ. ನಾರಾಯಣಪುರದ ನೀರು ಹರಿದ ಶಹಾಪುರ, ಸುರಪುರದ ಹೊಲಗಳಲ್ಲಿ ಭತ್ತ, ಹತ್ತಿ ಬಂದವು. ನೀರು ಹರಿಯದ ಹಳ್ಳಿಗಳ ಜನ ಇಂದಿಗೂ ದುಡಿಯಲು ಬೆಂಗಳೂರು, ಮುಂಬಯಿಗೆ ಹೋಗುತ್ತಾರೆ. ಎರಡೂ ಕಡೆಯವರ ಕೈಯಲ್ಲಿ ನಾಲ್ಕು ಕಾಸು ಉಳಿದರೆ ಅದು ಮೊದಲು ಒಡವೆಯಾಗುತ್ತದೆ. ಮಳೆ ಕೈಕೊಟ್ಟ ವರ್ಷ ಅದೇ ಒಡವೆ ಗಿರವಿ ಅಂಗಡಿಯ ತಕ್ಕಡಿ ಏರುತ್ತದೆ. ಅಲ್ಲಿ ಕುಳಿತವನು ಹರಳನ್ನು ನೋಡುವುದೂ ಇಲ್ಲ. ಹರಳಿನ ತೂಕ ಕಳೆದು ಬಂಗಾರಕ್ಕಷ್ಟೇ ಸಾಲ ಕೊಡುತ್ತಾನೆ. ಕೊಳ್ಳುವಾಗ ಸಾವಿರಗಟ್ಟಲೆ ಬೆಲೆ ಬಾಳಿದ್ದು ಒತ್ತೆ ಇಡುವಾಗ ಸೊನ್ನೆಯಾದದ್ದು ಹೇಗೆ ಎಂದು ಆ ಹೆಣ್ಣುಮಗಳು ಯಾರನ್ನು ಕೇಳಬೇಕು?

ಹರಳಿಗೆ ಏನೇನು ಮಾಡುತ್ತಾರೆ ಎಂಬುದನ್ನು ಸ್ವಲ್ಪ ನೋಡೋಣ. ಇದು ಇಂದಿನ ವಿದ್ಯೆಯಲ್ಲ. ಸುಮಾರು ಸಾವಿರ ವರ್ಷಗಳ ಹಿಂದೆ ಅಲ್ ಬಿರೂನಿ ರತ್ನಗಳ ಕುರಿತೇ ಒಂದು ದೊಡ್ಡ ಗ್ರಂಥ ಬರೆದರು. ಹರಳನ್ನು ನೀರಿನಲ್ಲಿ ತೂಗಿ ಒಂದೊಂದರ ಸಾಂದ್ರತೆಯನ್ನು ಅಳೆದ ವಿದ್ವಾಂಸರವರು. ಮಾಣಿಕ್ಯವನ್ನು ಬೆಂಕಿಯಲ್ಲಿ ಕಾಯಿಸಿ ಅದರ ಕಪ್ಪು ಛಾಯೆಯನ್ನು ಕಳೆಯುವ ಪದ್ಧತಿಯ ವಿವರ ಅವರ ಬರಹದಲ್ಲಿದೆ. ನಮ್ಮ ಹಳೆಯ ಕುಂದಣದ ಒಡವೆಗಳಲ್ಲಿ ಹರಳಿನ ಹಿಂದೆ ತೆಳುವಾದ ಹೊಳೆಯುವ ತಗಡು ಇಡುತ್ತಿದ್ದರು. ಬೆನ್ನು ಮುಚ್ಚಿದ ಕಟ್ಟಿನೊಳಗೆ ಅರಗು ತುಂಬುತ್ತಿದ್ದರು. ತಗಡಿನ ಬಣ್ಣ ಹರಳಿಗೆ ಕಳೆ ಕೊಡುತ್ತಿತ್ತು. ಇದನ್ನು ಯಾರೂ ವಂಚನೆ ಎನ್ನಲಿಲ್ಲ. ಮಾಡುವವನಿಗೂ ಮಾಡಿಸುವವನಿಗೂ ಕಸುಬಿನ ರೀತಿ ಗೊತ್ತಿತ್ತು.

ಇಂದು ಮಾರುಕಟ್ಟೆಗೆ ಬರುವ ಮಾಣಿಕ್ಯ, ನೀಲಗಳಲ್ಲಿ ಬಹುಪಾಲು ಕಾಯಿಸಿದವೇ. ಶ್ರೀಲಂಕೆಯಲ್ಲಿ ಗ್ಯೂಡಾ ಎಂಬ ಹಾಲುಬಣ್ಣದ ಮಂಕು ಕಲ್ಲು ಸಿಗುತ್ತದೆ. ಹಿಂದೆ ಅದಕ್ಕೆ ಹೇಳಿಕೊಳ್ಳುವಂಥ ಬೆಲೆಯಿರಲಿಲ್ಲ. 1970ರ ದಶಕದಲ್ಲಿ ಥಾಯ್ಲೆಂಡಿನ ವ್ಯಾಪಾರಿಗಳು ಅದನ್ನು ಅಗ್ಗಕ್ಕೆ ಕೊಂಡು, ಸಾವಿರದೈನೂರು ಡಿಗ್ರಿಗೂ ಮೇಲ್ಪಟ್ಟ ಶಾಖದ ಒಲೆಯಲ್ಲಿಟ್ಟು, ಒಳ್ಳೆಯ ನೀಲವನ್ನಾಗಿ ಹೊರತೆಗೆದರು. ಹೀಗೆ ಬಂದ ಬಣ್ಣ ಮಾಸುವುದಿಲ್ಲ. ಭೂಮಿಯ ಒಡಲಲ್ಲಿ ಕೋಟ್ಯಂತರ ವರ್ಷಗಳ ಶಾಖ ಅರ್ಧಕ್ಕೆ ಬಿಟ್ಟ ಕೆಲಸವನ್ನು ಮನುಷ್ಯ ತನ್ನ ಒಲೆಯಲ್ಲಿ ಮುಗಿಸಿದ ಎಂದು ವ್ಯಾಪಾರಿಗಳು ವಾದಿಸುತ್ತಾರೆ. ಆ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಕಾಯಿಸದೆಯೇ ಅಷ್ಟು ಚೆಂದವಿರುವ ಕಲ್ಲು ಅಪರೂಪ, ಅದರ ಬೆಲೆ ಹಲವು ಪಟ್ಟು ಹೆಚ್ಚು. ಕಾಯಿಸಿದ್ದಕ್ಕೆ ಕಾಯಿಸದ್ದರ ಬೆಲೆ ಪಡೆದರೆ ಆ ವಾದ ಅಲ್ಲಿಗೇ ಸತ್ತುಹೋಗುತ್ತದೆ.

ಮುಂದಿನ ಹೆಜ್ಜೆಗಳು ಇನ್ನೂ ಜಾರುವಂಥವು. 2001-02ರ ಹೊತ್ತಿಗೆ, ಬೆರಿಲಿಯಂ ಎಂಬ ಧಾತುವನ್ನು ಶಾಖದ ಮೂಲಕ ಹರಳಿನೊಳಗೆ ಇಳಿಸಿ ಬಣ್ಣ ಬದಲಿಸಿದ ಕಲ್ಲುಗಳು ಥಾಯ್ಲೆಂಡಿನಿಂದ ಜಗತ್ತಿನ ಮಾರುಕಟ್ಟೆಗೆ ಬಂದವು. ದೊಡ್ಡ ಪ್ರಯೋಗಾಲಯಗಳೇ ಕೆಲಕಾಲ ತಬ್ಬಿಬ್ಬಾದವು. 2004ರ ಸುಮಾರಿಗೆ ಕಾಣಿಸಿಕೊಂಡದ್ದು ಸೀಸದ ಗಾಜು ತುಂಬಿದ ಮಾಣಿಕ್ಯ. ಬಿರುಕುಗಳೇ ತುಂಬಿದ, ಉಂಗುರಕ್ಕೆ ಕೂರಿಸಲು ಯೋಗ್ಯವಲ್ಲದ ಕಲ್ಲಿನ ಸೀಳುಗಳಿಗೆ ಕರಗಿದ ಸೀಸದ ಗಾಜನ್ನು ತುಂಬಿದರೆ ಬಿರುಕುಗಳು ಕಣ್ಣಿಗೆ ಕಾಣದಾಗುತ್ತವೆ. ಮಂಕು ಕಲ್ಲು ದಾಳಿಂಬೆ ಕಾಳಿನಂತೆ ತಿಳಿಯಾಗುತ್ತದೆ. ಸಗಟು ಪೇಟೆಯಲ್ಲಿ ಇದು ಕ್ಯಾರೆಟ್ಟಿಗೆ ಕೆಲವೇ ನೂರು ರೂಪಾಯಿಗೆ ದೊರೆಯುವ ಸರಕು. ಪಚ್ಚೆಯ ಕಥೆ ಬೇರೆ. ಅದು ಹುಟ್ಟಿನಿಂದಲೇ ಬಿರುಕಿನ ಕಲ್ಲು. ಅದಕ್ಕೆ ಎಣ್ಣೆ ಕುಡಿಸುವ ರೂಢಿ ಶತಮಾನಗಳದ್ದು. ಈಗ ಎಣ್ಣೆಯ ಜಾಗಕ್ಕೆ ರಾಳದಂಥ ರಾಸಾಯನಿಕಗಳೂ ಬಂದಿವೆ. ವರ್ಷಗಳು ಕಳೆದಂತೆ ಎಣ್ಣೆ ಆರಿದರೆ ಅಡಗಿದ್ದ ಬಿರುಕು ಮತ್ತೆ ಮುಖ ತೋರಿಸುತ್ತದೆ. ಇನ್ನು ಹೈದರಾಬಾದಿನ ಮುತ್ತು. 1956ರವರೆಗೆ ನಮ್ಮ ಈ ತಾಲ್ಲೂಕುಗಳು ಹೈದರಾಬಾದ್ ಸಂಸ್ಥಾನಕ್ಕೆ, ಆಮೇಲೆ ಅದೇ ಹೆಸರಿನ ರಾಜ್ಯಕ್ಕೆ ಸೇರಿದ್ದವು. ಮದುವೆಯ ಸಾಮಾನಿಗೆ ಚಾರ್ಮಿನಾರಿನ ಬಜಾರಿಗೆ ಹೋಗುವ ರೂಢಿ ಇಂದಿಗೂ ಇದೆ. ಅಲ್ಲಿ ಈಗ ಮಾರಾಟವಾಗುವ ಮುತ್ತಿನಲ್ಲಿ ಹೆಚ್ಚಿನದು ಚೀನಾದ ಸಿಹಿನೀರಿನ ಕೆರೆಗಳಲ್ಲಿ ಬೆಳೆಸಿದ್ದು. ಬಸ್ರಾದ ಮುತ್ತು ಎಂಬ ಮಾತು ಅಂಗಡಿಯವರ ನಾಲಿಗೆಯಲ್ಲಿ ಉಳಿದಿದೆ.

ಅಜ್ಜಿಯ ಪೆಟ್ಟಿಗೆಯಲ್ಲಿದ್ದದ್ದೆಲ್ಲ ಅಸಲಿ ಎಂಬ ನಂಬಿಕೆಯನ್ನೂ ಸ್ವಲ್ಪ ಸಡಿಲಿಸಬೇಕು. ವೆರ್ನಾಯ್ ಎಂಬ ಫ್ರೆಂಚ್ ವಿಜ್ಞಾನಿ ಕುಲುಮೆಯಲ್ಲಿ ಮಾಣಿಕ್ಯ ತಯಾರಿಸುವ ವಿಧಾನವನ್ನು ಪ್ರಕಟಿಸಿದ್ದು 1902ರಲ್ಲಿ. ಕೆಲವೇ ವರ್ಷಗಳಲ್ಲಿ ಆ ಹರಳುಗಳು ಭಾರತಕ್ಕೂ ಬಂದವು. 1930ರ ಸುಮಾರಿಗೆ ಮಾಡಿಸಿದ ನತ್ತಿನ ಕೆಂಪು ಹರಳು ಬರ್ಮಾದ್ದೂ ಆಗಿರಬಹುದು, ಯುರೋಪಿನ ಕುಲುಮೆಯದ್ದೂ ಆಗಿರಬಹುದು. ಅಜ್ಜಿಯ ನೆನಪಿಗೆ ಅದರಿಂದ ಕುಂದೇನೂ ಇಲ್ಲ. ಮಾರಲು ಹೊರಟಾಗ ಮಾತ್ರ ವ್ಯತ್ಯಾಸ ತಿಳಿಯುತ್ತದೆ.

ಈಗ ಒಂದು ಸಂಗತಿಯನ್ನು ಊಹಿಸಿಕೊಳ್ಳೋಣ. ದೊಡ್ಡ ಪಟ್ಟಣದ ಅಂಗಡಿಯೊಂದರಲ್ಲಿ ಕೊಂಡ ಕೆಂಪಿನ ಉಂಗುರ ಮದುವೆಯಾಗಿ ವರ್ಷದೊಳಗೆ ಬಿಗಿಯಾಯಿತು. ಹೆಣ್ಣುಮಗಳು ಅದನ್ನು ಸಡಿಲ ಮಾಡಿಸಲು ಊರಿನ ಪತ್ತಾರರ ಬಳಿಗೆ ಒಯ್ದಳು. ಅವರು ಎಂದಿನಂತೆ ಊದುಗೊಳವೆ ಹಿಡಿದು ಬೆಸುಗೆ ಹಾಕಿದರು, ಆಮ್ಲದ ನೀರಿನಲ್ಲಿ ಅದ್ದಿ ತೊಳೆದರು. ಸಂಜೆ ಆಕೆ ಬಂದು ನೋಡಿದರೆ ಹರಳಿನ ತುಂಬ ಬಿಳಿ ಗೆರೆಗಳು.

“ಏನ್ರೀ ಪತ್ತಾರ ಕಾಕಾ, ಕೊಟ್ಟಾಗ ಹಳ್ಳು ಛಂದ ಇತ್ತು. ಈಗ ನೋಡ್ರಿ, ಹೆಂಗ ಸೀಳಿದಂಗ ಆಗ್ಯದ. ಬದಲಿ ಮಾಡೀರೇನು?”

“ಯವ್ವಾ, ಈ ಕೆಲಸ ಮಾಡ್ಲಿಕತ್ತು ನಲವತ್ತು ವರ್ಷ ಆತು. ಬೆಂಕಿ ತೋರಿಸೀನಿ, ಅಷ್ಟ. ಬರೇ ಕಾಯಿಸಿದ ಕೆಂಪಿದ್ದರ ಇಷ್ಟಕ್ಕ ಹಿಂಗ ಆಗ್ತಿದ್ದಿಲ್ಲ.”

ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ಸೀಸದ ಗಾಜು ಬೆಸುಗೆಯ ಶಾಖವನ್ನೂ ಆಮ್ಲವನ್ನೂ ತಡೆಯುವುದಿಲ್ಲ. ನಿಂಬೆಹಣ್ಣಿನ ರಸ ಕೂಡ ಅದನ್ನು ತಿನ್ನಬಲ್ಲದು ಎಂಬುದು ಪರೀಕ್ಷೆಗಳಿಂದ ತಿಳಿದಿದೆ. ನಮ್ಮ ಮನೆಗಳಲ್ಲಿ ಒಡವೆಯನ್ನು ಹುಣಸೆಹುಳಿಯಿಂದ ತಿಕ್ಕುವ ರೂಢಿಯನ್ನು ಇಲ್ಲಿ ನೆನೆಯಬೇಕು. ಆದರೆ ಊರಿನಲ್ಲಿ ಹೆಸರು ಕೆಟ್ಟದ್ದು ಯಾರದು? ಮಾರಿದವನದಲ್ಲ. ಅವನು ನೂರು ಮೈಲಿ ದೂರದಲ್ಲಿ ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತಿದ್ದಾನೆ. ಹರಳು ಬದಲಿಸಿದ ಕಳ್ಳ ಎಂಬ ಹೆಸರು ಬಂದದ್ದು ಪತ್ತಾರರಿಗೆ. ಮಾರುವವನ ಮೌನದ ದಂಡವನ್ನು ಬೇರೊಬ್ಬ ಬಡವ ತೆರುತ್ತಾನೆ. ಹರಳಿನ ಗುಟ್ಟು ಕೊಳ್ಳುವವನ ಮತ್ತು ಮಾರುವವನ ನಡುವಿನ ವ್ಯವಹಾರ ಮಾತ್ರ ಎಂದು ತಿಳಿದವರು ಈ ಮೂರನೆಯವನನ್ನು ಮರೆತಿರುತ್ತಾರೆ.

ಅಂಗಡಿಯವನು ಹೇಳುತ್ತಾನೆ: ನಾನೇನು ಸುಳ್ಳು ಹೇಳಿದೆನೇ? ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಈ ಮಾತಿಗೆ ಕಾನೂನಿನಲ್ಲಿ ಸ್ವಲ್ಪ ನೆಲೆ ಇದೆ ಎಂಬುದನ್ನು ಒಪ್ಪಬೇಕು. 1872ರ ಭಾರತೀಯ ಕರಾರು ಕಾಯಿದೆಯ 17ನೆಯ ಕಲಮು ವಂಚನೆ ಎಂದರೇನು ಎಂದು ವಿವರಿಸುತ್ತದೆ. ಸುಮ್ಮನಿರುವುದು ಅಷ್ಟರಿಂದಲೇ ವಂಚನೆಯಾಗದು ಎಂದು ಅಲ್ಲಿ ಹೇಳಿದೆ. ಅದಕ್ಕೆ ಕೊಟ್ಟ ಉದಾಹರಣೆಗಳು ಕುದುರೆಯ ಮಾರಾಟದವು. ಒಬ್ಬನು ತನ್ನ ಕುದುರೆಗೆ ದೋಷವಿದೆ ಎಂದು ತಿಳಿದೂ ಹರಾಜಿನಲ್ಲಿ ಬಾಯಿ ಬಿಡದೆ ಮಾರುತ್ತಾನೆ. ಇದು ವಂಚನೆಯಲ್ಲ. ಆದರೆ ಕೊಳ್ಳುವವಳು ಈಗಷ್ಟೇ ವಯಸ್ಸಿಗೆ ಬಂದ ಅವನ ಮಗಳಾಗಿದ್ದರೆ? ಆಗ ಸಂಬಂಧವೇ ಅವನ ಮೇಲೆ ಹೇಳುವ ಹೊಣೆ ಹೊರಿಸುತ್ತದೆ. ಇನ್ನೊಂದು ಉದಾಹರಣೆಯಲ್ಲಿ ಕೊಳ್ಳುವವನು, ನೀನು ಇಲ್ಲ ಎನ್ನದಿದ್ದರೆ ಕುದುರೆ ಚೆನ್ನಾಗಿದೆ ಎಂದೇ ತಿಳಿಯುತ್ತೇನೆ ಎನ್ನುತ್ತಾನೆ. ಆಗ ಮೌನವೇ ಮಾತಾಗುತ್ತದೆ. 1930ರ ಸರಕು ಮಾರಾಟ ಕಾಯಿದೆ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಕೊಳ್ಳುವವನು ತನ್ನ ಉದ್ದೇಶವನ್ನು ತಿಳಿಸಿ, ಮಾರುವವನ ತಿಳಿವಳಿಕೆಯನ್ನು ನೆಚ್ಚಿ ಕೊಂಡರೆ, ಸರಕು ಆ ಉದ್ದೇಶಕ್ಕೆ ತಕ್ಕುದಾಗಿರಬೇಕು ಎಂದಿತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಸರಕಿನ ಗುಣಮಟ್ಟ, ಶುದ್ಧತೆಯನ್ನು ತಿಳಿಯುವುದು ಗ್ರಾಹಕನ ಹಕ್ಕು ಎನ್ನುತ್ತದೆ. ಕಾನೂನು ನಿಧಾನವಾಗಿಯಾದರೂ ಸರಿಯಾದ ದಿಕ್ಕಿಗೇ ನಡೆದಿದೆ. ಆದರೂ ಹಳೆಯ ಕಲಮಿನ ನೆರಳಿನಲ್ಲಿ ಬಾಯಿ ತೆರೆಯಬೇಕಾದವನು ಕೊಳ್ಳುವವನೇ. ಏನು ಕೇಳಬೇಕೆಂದೇ ತಿಳಿಯದವರು ಏನು ಮಾಡಬೇಕು?

ಇಲ್ಲಿ ಕುದುರೆಯ ಪಕ್ಕದಲ್ಲಿ ಒಂದು ಒಂಟೆಯನ್ನು ನಿಲ್ಲಿಸಬೇಕೆನಿಸುತ್ತದೆ. ಪ್ರವಾದಿವರ್ಯರ(ಸ) ಅನುಚರರಲ್ಲಿ ಒಬ್ಬರಾದ ವಾಸಿಲಾ(ರ)ರ ಕುರಿತ ಘಟನೆಯನ್ನು ಇಮಾಮ್ ಗಝ್ಝಾಲಿ ತಮ್ಮ ‘ಇಹ್ಯಾ’ದಲ್ಲಿ ವ್ಯಾಪಾರದ ನೀತಿಯನ್ನು ವಿವರಿಸುವಾಗ ಉಲ್ಲೇಖಿಸಿದ್ದಾರೆ. ಸಂತೆಯಲ್ಲಿ ಒಬ್ಬನು ಮುನ್ನೂರು ದಿರ್‌ಹಮಿಗೆ ಒಂಟೆಯೊಂದನ್ನು ಮಾರಿದ. ಅಲ್ಲೇ ನಿಂತಿದ್ದ ವಾಸಿಲಾರ ಗಮನ ಬೇರೆಡೆ ಇತ್ತು. ಕೊಂಡವನು ಹೊರಟುಹೋದ ಮೇಲೆ ಅವರಿಗೆ ಅರಿವಾಯಿತು. ಅವನ ಹಿಂದೆ ಓಡಿ ಕೂಗಿ ಕೇಳಿದರು: ಇದನ್ನು ಕೊಂಡದ್ದು ಮಾಂಸಕ್ಕೋ, ಸವಾರಿಗೋ? ಸವಾರಿಗೆ ಎಂದ ಅವನು. ಹಾಗಾದರೆ ಇದರ ಗೊರಸಿನಲ್ಲಿ ತೂತಿದೆ, ದೂರದ ದಾರಿ ನಡೆಯಲಾರದು ಎಂದರು. ಅವನು ಮರಳಿ ಬಂದ. ಮಾರಿದವನು ನೂರು ದಿರ್‌ಹಮ್ ಇಳಿಸಬೇಕಾಯಿತು. ನನ್ನ ವ್ಯಾಪಾರ ಕೆಡಿಸಿದಿರಿ ಎಂದು ಅವನು ವಾಸಿಲಾರ ಮೇಲೆ ರೇಗಿದ. ದೋಷವನ್ನು ತಿಳಿಸದೆ ಮಾರುವುದೂ ಸಲ್ಲದು, ದೋಷ ಬಲ್ಲವನು ಸುಮ್ಮನಿರುವುದೂ ಸಲ್ಲದು ಎಂಬುದು ಪ್ರವಾದಿವರ್ಯರಿಂದ(ಸ) ತಾವು ಕಲಿತ ಪಾಠ ಎಂದು ಅವರು ಉತ್ತರಿಸಿದರು.

ಈ ಘಟನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಆ ಪ್ರಶ್ನೆ: ಮಾಂಸಕ್ಕೋ, ಸವಾರಿಗೋ? ಅದೇ ಒಂಟೆ, ಅದೇ ತೂತು. ಮಾಂಸಕ್ಕೆ ಕೊಂಡವನಿಗೆ ಗೊರಸಿನ ತೂತು ದೋಷವೇ ಅಲ್ಲ. ಸವಾರಿಗೆ ಕೊಂಡವನಿಗೆ ಅದೇ ಸರ್ವಸ್ವ. ದೋಷ ಎಂಬುದು ವಸ್ತುವಿನಲ್ಲಿ ಮಾತ್ರ ಇರುವುದಿಲ್ಲ. ವಸ್ತುವಿಗೂ ಕೊಳ್ಳುವವನ ಅಗತ್ಯಕ್ಕೂ ನಡುವೆ ಇರುತ್ತದೆ. ಕಾನೂನು ಕೂಡ ಉದ್ದೇಶವನ್ನು ಲೆಕ್ಕಕ್ಕೆ ಹಿಡಿಯುತ್ತದೆ, ಆದರೆ ಅದನ್ನು ಕೊಳ್ಳುವವನೇ ತಿಳಿಸಲಿ ಎಂದು ಕಾಯುತ್ತದೆ. ವಾಸಿಲಾರು ಕಾಯಲಿಲ್ಲ, ತಾವೇ ಕೇಳಿದರು. ಅವರು ಮಾರುವವರೂ ಆಗಿರಲಿಲ್ಲ, ದಾರಿಯಲ್ಲಿ ನಿಂತವರು.

ಹರಳಿನ ಅಂಗಡಿಯಲ್ಲಿ ಈ ಪ್ರಶ್ನೆಯನ್ನು ಕೇಳಿದರೆ ಎಷ್ಟೋ ಗೋಜಲು ಬಿಡಿಸಿಕೊಳ್ಳುತ್ತದೆ. ಹಬ್ಬಕ್ಕೆ ತೊಟ್ಟು ನಲಿಯಲು ಹುಡುಗಿಯೊಬ್ಬಳಿಗೆ ಗಾಜು ತುಂಬಿದ ಮಾಣಿಕ್ಯ ಸಾಕು, ಗಾಜಿನ ಬೆಲೆಗೆ ಕೊಟ್ಟರಾಯಿತು. ನಾಳೆಯ ಕಷ್ಟಕಾಲಕ್ಕೆಂದು ಕೊಳ್ಳುವ ತಾಯಿಗೆ, ಹರಳಿಗೆ ಹಣ ಹಾಕಬೇಡಿ, ಇದು ವಾಪಸ್ ಬರುವುದಿಲ್ಲ ಎಂದು ಹೇಳುವುದೇ ಅಂಗಡಿಯವನ ಮೊದಲ ಕರ್ತವ್ಯ. ದಿನವೂ ಪಾತ್ರೆ ತೊಳೆಯುವ, ಹುಣಸೆ ಹಿಂಡುವ ಕೈಗೆ ಎಣ್ಣೆ ಕುಡಿದ ಪಚ್ಚೆಯ ಉಂಗುರ ಮಾರುವವನು ಆ ಕೈಯನ್ನೊಮ್ಮೆ ನೋಡಬೇಕಿತ್ತು. ಅಮೆರಿಕದ ವ್ಯಾಪಾರ ಆಯೋಗದ ಮಾರ್ಗಸೂಚಿಯಲ್ಲಿ ಇಂಥದೇ ಅಳತೆಗೋಲು ಇದೆ. ಹರಳಿಗೆ ಮಾಡಿದ ಸಂಸ್ಕರಣ ಶಾಶ್ವತವಲ್ಲದಿದ್ದರೆ, ವಿಶೇಷ ಜೋಪಾನ ಬೇಡುವಂತಿದ್ದರೆ, ಅಥವಾ ಬೆಲೆಯಲ್ಲಿ ಗಣನೀಯ ವ್ಯತ್ಯಾಸ ತರುವಂತಿದ್ದರೆ ಹೇಳಲೇಬೇಕು ಎನ್ನುತ್ತದೆ ಅದು. ಇದಕ್ಕಿಂತ ಹೆಚ್ಚಿನದೇನನ್ನೂ ನಾವು ನಮ್ಮ ಅಂಗಡಿಗಳಿಂದ ಬೇಡಬೇಕಾಗಿಲ್ಲ.

ಅದೃಷ್ಟದ ಹರಳಿನ ವಿಷಯ ಇದಕ್ಕಿಂತ ತೊಡಕಿನದು. ಗ್ರಹಗತಿ ನೋಡಿಸಿ ಪುಷ್ಯರಾಗ ತೊಡುವವರಿದ್ದಾರೆ, ಬರಕತ್ತಿಗೆಂದು ಅಕೀಕ್ ತೊಡುವ ನಮ್ಮವರೂ ಇದ್ದಾರೆ. ಕಲ್ಲಿನಲ್ಲಿ ಭಾಗ್ಯ ಬದಲಿಸುವ ಶಕ್ತಿ ಇದೆ ಎಂಬುದನ್ನು ನಾನು ನಂಬುವುದಿಲ್ಲ. ಹಝ್ರತ್ ಉಮರ್(ರ) ಕಅಬಾದ ಕಪ್ಪು ಶಿಲೆಯ ಮುಂದೆ ನಿಂತೇ, ನೀನೊಂದು ಕಲ್ಲು, ಒಳಿತನ್ನೂ ಕೆಡುಕನ್ನೂ ಮಾಡಲಾರೆ ಎಂಬ ಅರ್ಥದ ಮಾತನಾಡಿದ್ದು ಪ್ರಸಿದ್ಧವಾಗಿದೆ. ಇಲ್ಲಿಂದ ಕೆಲವು ವ್ಯಾಪಾರಿಗಳು ಒಂದು ಜಾಣ ದಾರಿ ಹಿಡಿಯುತ್ತಾರೆ. ನಂಬಿಕೆಯೇ ಹುಸಿ ಎಂದ ಮೇಲೆ ಪುಷ್ಯರಾಗವಾದರೇನು, ಬಣ್ಣದ ಗಾಜಾದರೇನು ಎನ್ನುತ್ತಾರೆ. ಇದು ತಪ್ಪು. ಆ ಗ್ರಾಹಕ ಕಾಯಿಸದ, ಕಲಬೆರಕೆಯಿಲ್ಲದ ಕಲ್ಲನ್ನೇ ಬೇಡಿ ಬಂದಿದ್ದಾನೆ, ಅದಕ್ಕೇ ಹಣ ಎಣಿಸಿದ್ದಾನೆ. ಅವನ ನಂಬಿಕೆಯನ್ನು ಒಪ್ಪದಿದ್ದರೆ ಎದುರಿಗೇ ಹೇಳಿ ವ್ಯಾಪಾರವನ್ನು ಬಿಡಬಹುದು. ಮೂಢನಂಬಿಕೆಯನ್ನು ಗೇಲಿ ಮಾಡುತ್ತ ಅದರಿಂದಲೇ ಲಾಭ ಎತ್ತುವವನು, ನಂಬಿದವನಿಗಿಂತ ಮೇಲಿನವನೇನೂ ಅಲ್ಲ.

ಇಷ್ಟಾದರೂ ಅಂಗಡಿಯವರ ಕಡೆಯ ಒಂದು ಮಾತಿಗೆ ಕಿವಿಗೊಡಲೇಬೇಕು. ಅವರಿಗೂ ಗೊತ್ತಿರುವುದಿಲ್ಲ. ಆಫ್ರಿಕದ ಗಣಿಯಿಂದ ಥಾಯ್ಲೆಂಡಿನ ಒಲೆಗೆ, ಅಲ್ಲಿಂದ ಜೈಪುರದ ಸಗಟು ಪೇಟೆಗೆ, ಅಲ್ಲಿಂದ ಹೈದರಾಬಾದಿಗೆ, ಅಲ್ಲಿಂದ ಯಾದಗಿರಿಯ ಬಜಾರಿಗೆ ಹರಳು ಕೈಯಿಂದ ಕೈಗೆ ಬರುವಾಗ ಪ್ರತಿ ಕೈಯಲ್ಲೂ ಒಂದೊಂದು ಮಾತು ಉದುರುತ್ತದೆ. ಮೊದಲನೆಯವನು ‘ಗಾಜು ತುಂಬಿದ ಮಾಣಿಕ್ಯ’ ಎಂದು ಬರೆದದ್ದು ಎರಡನೆಯವನಲ್ಲಿ ‘ಸಂಸ್ಕರಿಸಿದ ಮಾಣಿಕ್ಯ’ವಾಗಿ, ಮೂರನೆಯವನಲ್ಲಿ ಬರೀ ‘ಮಾಣಿಕ್ಯ’ವಾಗಿ, ಕೊನೆಯವನ ಬಾಯಲ್ಲಿ ‘ಬರ್ಮಾ ಕೆಂಪು’ ಆಗಿರುತ್ತದೆ. ಯಾರೊಬ್ಬರೂ ಪೂರ್ತಿ ಸುಳ್ಳು ಹೇಳಿಲ್ಲ, ಒಂದೊಂದು ಪದ ಬಿಟ್ಟಿದ್ದಾರೆ ಅಥವಾ ಸೇರಿಸಿದ್ದಾರೆ ಅಷ್ಟೇ. ರತ್ನ ಮತ್ತು ಆಭರಣ ರಫ್ತು ಉತ್ತೇಜನ ಮಂಡಳಿಯ ಪ್ರಯೋಗಾಲಯ ಜೈಪುರದಲ್ಲಿ 1972ರಿಂದ ಇದೆ. ಸಾವಿರ ರೂಪಾಯಿಯ ಉಂಗುರಕ್ಕೆ ಪರೀಕ್ಷೆ ಮಾಡಿಸಿ ಎನ್ನುವುದು ನಡೆಯುವ ಮಾತಲ್ಲ. ಆದರೆ ಗೊತ್ತಿಲ್ಲದವನು ‘ನನಗೆ ಗೊತ್ತಿಲ್ಲ’ ಎಂದು ಹೇಳಬಹುದಲ್ಲ? ಅಜ್ಞಾನ ತಪ್ಪಲ್ಲ. ಅಜ್ಞಾನವನ್ನು ಖಾತರಿಯ ಬೆಲೆಗೆ ಮಾರುವುದು ತಪ್ಪು.

ಇಮಾಮ್ ಅಬೂ ಹನೀಫಾ(ರ) ಜೀವನೋಪಾಯಕ್ಕೆ ಬಟ್ಟೆಯ ವ್ಯಾಪಾರ ಮಾಡುತ್ತಿದ್ದರು. ಒಂದು ಬಟ್ಟೆಯಲ್ಲಿ ದೋಷವಿದೆ, ಮಾರುವಾಗ ತಿಳಿಸಬೇಕು ಎಂದು ಪಾಲುದಾರರಿಗೆ ಹೇಳಿದ್ದರು. ಅವರು ಮರೆತು ಮಾರಿಬಿಟ್ಟರು, ಕೊಂಡವನು ಯಾರೆಂದೂ ತಿಳಿಯಲಿಲ್ಲ. ಆ ಸರಕಿನಿಂದ ಬಂದ ಹಣವನ್ನೆಲ್ಲ ಇಮಾಮರು ದಾನ ಮಾಡಿದರೆಂದು ಅವರ ಚರಿತ್ರೆಕಾರರು ಬರೆದಿದ್ದಾರೆ. ಇಂದಿನ ಅಂಗಡಿಯವನಿಂದ ಅಷ್ಟು ನಿರೀಕ್ಷಿಸುವುದು ಹೆಚ್ಚಾಯಿತು ಎನ್ನಬಹುದು. ಆದರೆ ಮರೆವು ಕೂಡ ಸಾಲವೇ ಎಂದು ಬಗೆದ ಒಬ್ಬ ವ್ಯಾಪಾರಿ ಇದ್ದ ಎಂಬುದು ನೆನಪಿರಲಿ.

ಮತ್ತೆ ಆ ಮೂರನೆಯವರ, ಪತ್ತಾರರ ವಿಷಯಕ್ಕೆ ಬರೋಣ. ಸುರಪುರ ತಾಲ್ಲೂಕಿನ ತಿಂಥಣಿಯಲ್ಲಿ, ಕೃಷ್ಣೆಯ ದಂಡೆಯಲ್ಲಿ ಮೌನೇಶ್ವರರ ಕ್ಷೇತ್ರವಿದೆ. ಬಂಗಾರ, ಕಬ್ಬಿಣ, ಮರ, ಕಲ್ಲಿನ ಕೆಲಸ ಮಾಡುವ ವಿಶ್ವಕರ್ಮ ಸಮುದಾಯದಿಂದ ಬಂದ ಸಂತ ಅವರು. ಜಾತ್ರೆಗೆ ಹಿಂದೂಗಳೂ ಮುಸ್ಲಿಮರೂ ಸೇರುತ್ತಾರೆ. ಈ ಭಾಗದ ಮುಸ್ಲಿಮ್ ಮನೆಗಳ ಕರಿಮಣಿಯ ಲಚ್ಚಾ ಇರಲಿ, ಹಿಂದೂ ಮನೆಗಳ ಬೋರಮಾಳ ಇರಲಿ, ಹಿಂದಿನಿಂದಲೂ ಹೆಚ್ಚಾಗಿ ಪೋಣಿಸಿ ಕೊಟ್ಟದ್ದು ಇದೇ ಸಮುದಾಯದ ಕೈಗಳು. ಇಂದು ದೊಡ್ಡ ಅಂಗಡಿಗಳ ಮುಂದೆ ಅವರ ಕಸುಬು ಸೊರಗಿದೆ. ಎಷ್ಟೋ ಮಂದಿ ಅದೇ ಅಂಗಡಿಗಳು ಕೊಡುವ ರಿಪೇರಿ ಕೆಲಸದ ಮೇಲೆ ಬದುಕುತ್ತಾರೆ. ಭೂತಗನ್ನಡಿ ಹಿಡಿದರೆ ಗಾಜು ತುಂಬಿದ ಹರಳಿನೊಳಗಿನ ಗುಳ್ಳೆಗಳು, ಹೊರಳಿಸಿದಾಗ ಮಿಂಚುವ ನೀಲಿ ಛಾಯೆ ಅನುಭವಸ್ಥರಿಗೆ ಕಾಣುತ್ತವೆ. ಹೇಳಿದರೆ ಅಂಗಡಿಯ ಕೆಲಸ ತಪ್ಪೀತು, ಹೇಳದೆ ಬೆಂಕಿ ತೋರಿಸಿದರೆ ತಮ್ಮ ಹೆಸರೇ ಹೋದೀತು. ವಾಸಿಲಾರಿಗೆ ಓಡಿಹೋಗಿ ಕೂಗುವುದು ಸುಲಭವಾಗಿತ್ತು, ಒಂಟೆ ಮಾರುವವನ ಅನ್ನ ಅವರು ಉಣ್ಣುತ್ತಿರಲಿಲ್ಲ. ನಮ್ಮ ಪತ್ತಾರರಿಂದ ಅದೇ ಧೈರ್ಯವನ್ನು ಬೇಡುವ ಮೊದಲು ಗ್ರಾಹಕರಾದ ನಾವು ಅವರಿಗೆ ಏನು ಕೊಡುತ್ತೇವೆ ಎಂದು ಕೇಳಿಕೊಳ್ಳಬೇಕು. ಕೊಳ್ಳುವ ಮುಂಚೆ ಅವರ ಅಭಿಪ್ರಾಯ ಕೇಳಿ, ಅದಕ್ಕೊಂದು ಕೂಲಿ ಕೊಟ್ಟರೆ ಅವರ ಮಾತಿಗೆ ನಿಲ್ಲಲು ನೆಲ ಸಿಗುತ್ತದೆ. ಪುಕ್ಕಟೆ ಸಲಹೆಯಿಂದ ಅವರಿಗೆ ಸಿಗುವುದು ಅಂಗಡಿಯವನ ಹಗೆ ಮಾತ್ರ.

ಹಾಲ್‌ಮಾರ್ಕ್ ಇದೆಯಲ್ಲ ಎಂದು ಕೆಲವರು ಸಮಾಧಾನಪಡುತ್ತಾರೆ. 2021ರ ಜೂನ್ 16ರಿಂದ ದೇಶದ 256 ಜಿಲ್ಲೆಗಳಲ್ಲಿ ಬಂಗಾರದ ಒಡವೆಗೆ ಅದು ಕಡ್ಡಾಯವಾಯಿತು, ಆಮೇಲೆ ಇನ್ನಷ್ಟು ಜಿಲ್ಲೆಗಳಿಗೆ ವಿಸ್ತರಿಸಿತು. 2023ರ ಏಪ್ರಿಲ್ 1ರಿಂದ ಆರು ಅಕ್ಷರ-ಅಂಕೆಗಳ ಗುರುತು ಕಡ್ಡಾಯವಾಯಿತು. ಒಳ್ಳೆಯ ಕೆಲಸ. ಆದರೆ ಆ ಮುದ್ರೆ ಸಾಕ್ಷಿ ಹೇಳುವುದು ಬಂಗಾರದ ಶುದ್ಧತೆಗೆ ಮಾತ್ರ, ಹರಳಿನ ಬಗ್ಗೆ ಅದು ಒಂದಕ್ಷರವನ್ನೂ ಹೇಳುವುದಿಲ್ಲ. ಕುಂದಣ, ಪೋಲ್ಕಿ, ಜಡಾವ್ ಒಡವೆಗಳಿಗೆ ಈ ಕಡ್ಡಾಯದಿಂದ ವಿನಾಯಿತಿ ಕೊಡಲಾಯಿತು. ನಮ್ಮ ಮದುವೆಗಳಲ್ಲಿ ಹೆಚ್ಚು ಹಣ ಸುರಿಯುವುದು ಅಂಥವುಗಳ ಮೇಲೆಯೇ! ಕ್ಯಾರೆಟ್ ಎಂಬ ಒಂದೇ ಪದ ಬಂಗಾರದಲ್ಲಿ ಶುದ್ಧತೆಯನ್ನೂ, ಹರಳಿನಲ್ಲಿ 200 ಮಿಲಿಗ್ರಾಂ ತೂಕವನ್ನೂ ಸೂಚಿಸುವುದು ಗೊಂದಲವನ್ನು ಹೆಚ್ಚಿಸಿದೆ. ಆದ್ದರಿಂದ ರಸೀದಿಯಲ್ಲಿ ಬಂಗಾರದ ನಿವ್ವಳ ತೂಕ ಬೇರೆ, ಹರಳಿನ ತೂಕ ಮತ್ತು ಬೆಲೆ ಬೇರೆ, ಹರಳಿನ ಹೆಸರಿನ ಮುಂದೆ ಅದು ಗಣಿಯದೋ ಕುಲುಮೆಯದೋ, ಕಾಯಿಸಿದ್ದೋ, ತುಂಬಿದ್ದೋ, ಬಣ್ಣ ಹಾಕಿದ್ದೋ ಎಂಬ ಒಂದು ಪದ ಬರೆಸಿಕೊಳ್ಳಬೇಕು. ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ’ ಎಂದೇ ಬರೆಯಲಿ. ಬಾಯಿಮಾತಿನಲ್ಲಿ ಅರಳು ಹುರಿದಂತೆ ಹೊಗಳುವವನ ಪೆನ್ನು ಬರೆಯುವಾಗ ತಡವರಿಸಿದರೆ ಅದೇ ಉತ್ತರ.

ನಾವು ಕೊಳ್ಳುವವರು ಮಾತ್ರವಲ್ಲ, ಕೊಡುವವರೂ ಹೌದು. ನಿಕಾಹಿನಲ್ಲಿ ಮೆಹರ್ ಆಗಿ ಜಡಾವ್ ಒಡವೆ ಇಡುವಾಗ ಅದರ ಒಟ್ಟು ತೂಕವನ್ನೇ ಬಂಗಾರವೆಂದು ಹೇಳಿದರೆ ಏನಾಗುತ್ತದೆ ನೋಡಿ. ನಲವತ್ತು ಗ್ರಾಂ ಎಂದು ಬರೆದದ್ದರಲ್ಲಿ ಹನ್ನೆರಡು ಗ್ರಾಂ ಹರಳು, ಅರಗು ಇದ್ದರೆ ಹೆಣ್ಣಿನ ಹಕ್ಕಿನಲ್ಲಿ ಅಷ್ಟು ಖೋತಾ ಆಯಿತು. ಗಂಡಿನ ಕಡೆಯವರು ಅಂಗಡಿಯಲ್ಲಿ ಮೋಸಹೋಗಿ ತಿಳಿಯದೆ ಹೀಗೆ ಮಾಡಬಹುದು. ತಿಳಿದೂ ನಾಲ್ಕು ಜನರ ಮುಂದೆ ದೊಡ್ಡಸ್ತಿಕೆಗಾಗಿ ಮಾಡುವವರೂ ಇದ್ದಾರೆ. ಅಂಗಡಿಯವನ ಮೌನವನ್ನು ಬೈಯುತ್ತ ಮನೆಗೆ ಬಂದವರು ಅದೇ ಮೌನವನ್ನು ಸೊಸೆಗೆ ಉಡುಗೊರೆ ಕೊಡುತ್ತಾರೆ. ಸಂಸಾರದಲ್ಲಿ ಬಿರುಕು ಬಿಟ್ಟ ದಿನ, ಇಲ್ಲವೇ ಗಂಡ ತೀರಿಕೊಂಡು ಆಕೆ ಒಬ್ಬಳೇ ತಕ್ಕಡಿಯ ಮುಂದೆ ನಿಂತ ದಿನ ಅದು ಬಯಲಾಗುತ್ತದೆ. ಆ ಹೊತ್ತಿಗೆ ರಸೀದಿಯೂ ಇರುವುದಿಲ್ಲ, ಸಾಕ್ಷಿಗಳೂ ಇರುವುದಿಲ್ಲ.

ನಿಕಾಹ್ ನಾಮೆಯ ಮೆಹರಿನ ಸಾಲಿನಲ್ಲಿ ಕಾಝಿಗಳು ‘ಬಂಗಾರದ ನಿವ್ವಳ ತೂಕ ಇಷ್ಟು, ಹರಳು ಇಂಥದ್ದು, ಅದಕ್ಕೆ ಕಟ್ಟಿದ ಬೆಲೆ ಇಷ್ಟು’ ಎಂದು ಬಿಡಿಸಿ ಬರೆದರೆ ಕಾಗದದ ಮೇಲೆ ಒಂದೂವರೆ ಸಾಲು ಹೆಚ್ಚಾಗುತ್ತದೆ. ಹಾಗೆ ಬರೆಸಬೇಕೆಂದು ಹುಡುಗಿಯ ತಂದೆ ಕೇಳಿದರೆ ಅದನ್ನು ಅವಮಾನ ಎಂದು ಭಾವಿಸುವವರು ಇದ್ದಾರೆ. ಹೀಗಾಗಿ ಆ ಪ್ರಶ್ನೆಯನ್ನು ಹುಡುಗಿಯ ಮನೆಯವರು ಕೇಳುವಂತಾಗಬಾರದು. ಪೆನ್ನು ಹಿಡಿದು ಕುಳಿತ ಕಾಝಿಯೇ ಎಲ್ಲರ ಮದುವೆಯಲ್ಲೂ, ಬಡವ ಬಲ್ಲಿದರೆನ್ನದೆ, ಒಂದೇ ರೀತಿ ಕೇಳಬೇಕು.